ಎರಡು ಚೌಕಗಳ ನಡುವೆ ಬಿದ್ದುಹೋದವರ ಪರವಾಗಿ ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ಇಪ್ಪತ್ತೆರಡು ವರ್ಷಗಳಿಂದ ಪಾಠ ಹೇಳುತ್ತಿರುವ ಶಿಕ್ಷಕಿ. ನನ್ನ ಎರಡೂ ಕಿವಿಗಳು ಮಂದ. ಹಿಂದಿನ ಬೆಂಚಿನ ಮಗು ಸಾಲು, ಹಾಲು, ಕಾಲು ಎಂದು ಓದಿದರೆ ನನಗೆ ಮೂರೂ ಒಂದೇ ಪದವಾಗಿ ಕೇಳುತ್ತವೆ. ತುಟಿ ನೋಡಿದರೂ ಉಪಯೋಗವಿಲ್ಲ, ಆ ಮೂರು ಅಕ್ಷರಗಳು ತುಟಿಯ ಮೇಲೆ ಕಾಣುವಂಥವಲ್ಲ. ಮಗು ಸರಿಯಾಗಿ ಓದಿತೋ ತಪ್ಪಾಗಿ ಓದಿತೋ ತಿಳಿಯದೆ ತಲೆಯಾಡಿಸಿದ ದಿನಗಳು ನನ್ನನ್ನು ಇಂದಿಗೂ ಕಾಡುತ್ತವೆ.

ಕಳೆದ ವರ್ಷ ಸರ್ಕಾರಿ ನೆರವಿಗೆ ಅರ್ಜಿ ಹಾಕಿದೆ. ಅರ್ಜಿಯಲ್ಲಿ ಗುರುತು ಹಾಕಲು ಎರಡೇ ಚೌಕಗಳಿದ್ದವು: ಒಂದು ಶ್ರವಣ ಸಾಧನಕ್ಕೆ, ಇನ್ನೊಂದು ಕಾಕ್ಲಿಯರ್ ಇಂಪ್ಲಾಂಟ್‌ಗೆ, ಅಂದರೆ ಒಳಕಿವಿಯ ನರಕ್ಕೆ ನೇರವಾಗಿ ವಿದ್ಯುತ್ ಸಂಕೇತ ಕೊಡಲು ಶಸ್ತ್ರಚಿಕಿತ್ಸೆಯಿಂದ ಅಳವಡಿಸುವ ಸಾಧನಕ್ಕೆ. ನನ್ನ ಶಸ್ತ್ರಚಿಕಿತ್ಸಕರು ಸೂಚಿಸಿದ್ದು ಮಧ್ಯಕಿವಿಯ ಇಂಪ್ಲಾಂಟ್. ಅದನ್ನು ಅಂಚಿನಲ್ಲಿ ಕೈಯಿಂದ ಬರೆದು, ವರದಿಗಳನ್ನು ಲಗತ್ತಿಸಿ ಕೊಟ್ಟೆ. ಮೂರು ತಿಂಗಳ ನಂತರ ಬಂದ ಉತ್ತರದಲ್ಲಿ ಶ್ರವಣ ಸಾಧನವನ್ನೇ ಪಡೆಯತಕ್ಕದ್ದು ಎಂದಿತ್ತು. ಅದನ್ನು ಬರೆದವರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರ ಮುಂದಿದ್ದ ಪಟ್ಟಿಯಲ್ಲಿ ಮೂರನೆಯ ಹೆಸರೇ ಇರಲಿಲ್ಲ. ಪಟ್ಟಿಯನ್ನು ತಿದ್ದುವ ಅಧಿಕಾರ ತಮ್ಮದು. ಅದಕ್ಕೇ ತಮಗೆ ಬರೆಯುತ್ತಿದ್ದೇನೆ.

ಶ್ರವಣ ಸಾಧನವನ್ನು ನಾನು ಹನ್ನೊಂದು ವರ್ಷ ಹಾಕಿಕೊಂಡಿದ್ದೇನೆ. ಅದು ಕೆಲಸ ಮಾಡಿದ ದಿನಗಳಲ್ಲಿ ಅದಕ್ಕೆ ಎಷ್ಟು ಕೃತಜ್ಞಳಾಗಿದ್ದೆ ಎಂದು ಹೇಳಲಾರೆ. ಆದರೆ ಅದನ್ನು ಹಿಡಿದಿಡಲು ಕಿವಿಯೊಳಗೆ ತೂರಿಸುವ ಅಚ್ಚು ನನ್ನಂಥವರ ಕಿವಿಯಲ್ಲಿ ಕೂರುವುದಿಲ್ಲ. ಬಾಲ್ಯದಲ್ಲಿ ಕಿವಿ ಸೋರಿ ಸೋರಿ ಒಳಗಿನ ಮೂಳೆಗಳು ಸವೆದಿವೆ. ಎರಡು ಶಸ್ತ್ರಚಿಕಿತ್ಸೆಗಳ ನಂತರ ಮಧ್ಯಕಿವಿಯೇನೋ ಒಣಗಿತು, ಆದರೆ ಕಿವಿಯ ಕಾಲುವೆಯ ಚರ್ಮ ಇಂದಿಗೂ ಎಳೆಗಾಯದಂತಿದೆ. ಅಚ್ಚು ತುರುಕಿದರೆ ಗಾಳಿ ನಿಲ್ಲುತ್ತದೆ, ತೇವ ಕೂಡುತ್ತದೆ, ಒಂದು ವಾರದಲ್ಲಿ ತುರಿಕೆ, ಊತ, ಕೀವು. ಆಗ ಸಾಧನವನ್ನು ಡಬ್ಬಿಯಲ್ಲಿಟ್ಟು ಮುಲಾಮು ಹಚ್ಚಿಕೊಂಡು ತಿಂಗಳು ಕಾಯಬೇಕು. ಅಚ್ಚನ್ನು ಸಡಿಲ ಮಾಡಿಸಿದರೆ ಹೊರಬಂದ ಶಬ್ದವೇ ಮೈಕ್ರೊಫೋನಿಗೆ ಮರಳಿ ಸೇರಿ ಶಿಳ್ಳೆ ಹೊಡೆಯುತ್ತದೆ. ಮೂಳೆಯ ಮೂಲಕ ಕಂಪನ ಕಳಿಸುವ ಸಾಧನವನ್ನೂ ತಲೆಗೆ ಪಟ್ಟಿಯಿಂದ ಕಟ್ಟಿಕೊಂಡು ನೋಡಿದೆ. ನನಗೆ ಒಳಕಿವಿಯ ನಷ್ಟವೂ ಸಾಕಷ್ಟಿರುವುದರಿಂದ ಅದರ ಬಲ ಸಾಲಲಿಲ್ಲ. ಇನ್ನು ಕಾಕ್ಲಿಯರ್ ಇಂಪ್ಲಾಂಟ್‌ಗೆ ನನ್ನ ಒಳಕಿವಿ ಅಗತ್ಯಕ್ಕಿಂತ ಚೆನ್ನಾಗಿದೆ ಎನ್ನುತ್ತಾರೆ. ಒಂದಕ್ಕೆ ಕಿವಿ ಒಗ್ಗದು, ಇನ್ನೊಂದಕ್ಕೆ ಅರ್ಹತೆ ಇಲ್ಲ.

ಮಧ್ಯಕಿವಿಯ ಇಂಪ್ಲಾಂಟ್ ಏನು ಮಾಡುತ್ತದೆ ಎಂಬುದನ್ನು ತಮ್ಮ ಅಧಿಕಾರಿಗಳ ಗಮನಕ್ಕೂ ತರಲು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಶ್ರವಣ ಸಾಧನ ಶಬ್ದವನ್ನು ದೊಡ್ಡದು ಮಾಡಿ ಕಾಲುವೆಗೆ ಬಿಡುತ್ತದೆ. ಅದು ಒಳಕಿವಿಗೆ ಮುಟ್ಟಬೇಕಾದರೆ ಕಾಲುವೆ ತೆರೆದಿರಬೇಕು, ಕಿವಿತಮಟೆ ಕಂಪಿಸಬೇಕು, ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳ ಸರಪಳಿ ಕಂಪನವನ್ನು ಮುಂದಕ್ಕೆ ದಾಟಿಸಬೇಕು. ರಿಕಾಪಿನ ಉದ್ದ ಸುಮಾರು 3 ಮಿಲಿಮೀಟರ್, ದೇಹದ ಅತಿ ಚಿಕ್ಕ ಮೂಳೆ ಅದು. ಇಂಪ್ಲಾಂಟ್ ಕಾಲುವೆಯನ್ನು ಮುಟ್ಟುವುದೇ ಇಲ್ಲ. ಕಿವಿಯ ಹಿಂದೆ ಕೂದಲಿನ ನಡುವೆ ಅಯಸ್ಕಾಂತದಿಂದ ಅಂಟಿಕೊಳ್ಳುವ ಪ್ರೊಸೆಸರ್ ಶಬ್ದವನ್ನು ಹಿಡಿದು, ಚರ್ಮದಡಿಯ ಸುರುಳಿಗೆ ಸಂಕೇತವಾಗಿ ಕಳಿಸುತ್ತದೆ. ಅಲ್ಲಿಂದ ತೆಳುವಾದ ತಂತಿ ಮಧ್ಯಕಿವಿಗೆ ಇಳಿಯುತ್ತದೆ. ತಂತಿಯ ತುದಿಯಲ್ಲಿ ಸುಮಾರು 25 ಮಿಲಿಗ್ರಾಂ ತೂಕದ ಕಂಪಕವೊಂದು ಮೂಳೆಗೆ ಅಂಟಿ ನಿಂತು ಅದನ್ನು ನೇರವಾಗಿ ಅಲುಗಿಸುತ್ತದೆ. ಮೂಳೆಯೇ ಉಳಿದಿಲ್ಲದವರಿಗೆ ಒಳಕಿವಿಯ ಗೋಡೆಯಲ್ಲಿ ತೆಳುಪೊರೆ ಮುಚ್ಚಿರುವ ದುಂಡುಕಿಂಡಿಯ ಮೇಲೆ ಅದನ್ನು ಕೂರಿಸುವ ವಿಧಾನವನ್ನು ಇಟಲಿಯ ವಿತ್ತೋರಿಯೊ ಕೊಲೆಟ್ಟಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದರು. ನನಗೆ ಸೂಚಿಸಿರುವುದು ಅದೇ ವಿಧಾನ. ಹುಟ್ಟಿನಿಂದಲೇ ಕಿವಿಯ ಕಾಲುವೆ ಇಲ್ಲದ ಮಕ್ಕಳಿಗೂ ಈ ದಾರಿ ತೆರೆದಿದೆ. ಅಂಥ ಮಗುವಿಗೆ ಅಚ್ಚಿನ ಸಾಧನ ಕೊಡುತ್ತೇವೆಂದರೆ ಅದನ್ನು ಎಲ್ಲಿ ಇಡುವುದು?

ಇದು ನಿನ್ನೆ ಮೊನ್ನೆಯ ಪ್ರಯೋಗ ಎಂದು ತಮಗೆ ಯಾರಾದರೂ ಹೇಳಬಹುದು. 1935ರಲ್ಲೇ ಫಿನ್ಲೆಂಡಿನ ಆಲ್ವಾರ್ ವಿಲ್ಸ್ಕಾ ಕಿವಿತಮಟೆಯ ಮೇಲೆ ಕಬ್ಬಿಣದ ಪುಡಿ ಉದುರಿಸಿ, ಹೊರಗಿನ ವಿದ್ಯುತ್ ಸುರುಳಿಯಿಂದ ಅದನ್ನು ಕಂಪಿಸಿ ಶಬ್ದ ಕೇಳಿಸಿದ್ದರು. 1984ರ ಸುಮಾರಿಗೆ ಜಪಾನಿನ ವೈದ್ಯರು ರೋಗಿಗಳ ಮಧ್ಯಕಿವಿಗೆ ಇಂಪ್ಲಾಂಟ್ ಅಳವಡಿಸಿದರು. ನಾನು ಮೇಲೆ ವಿವರಿಸಿದ ಸಾಧನವನ್ನು ರೂಪಿಸಿದವರು ಅಮೆರಿಕದ ಜೆಫ್ರಿ ಬಾಲ್, ಬಾಲ್ಯದಿಂದ ಸ್ವತಃ ಕಿವಿ ಮಂದವಾಗಿದ್ದವರು. 1996ರಲ್ಲಿ ಜ್ಯೂರಿಕ್‌ನಲ್ಲಿ ಉಗೊ ಫಿಶ್ ಅದನ್ನು ಮೊದಲ ಬಾರಿಗೆ ಅಳವಡಿಸಿದರು. 2000ದಲ್ಲಿ ಔಷಧ ಮತ್ತು ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು.

ಆದರೆ ತಮ್ಮಲ್ಲಿ ಏನನ್ನೂ ಮುಚ್ಚಿಡಬಾರದು. ಇದು ಎಲ್ಲರಿಗೂ ಬೇಕಾದ ಸಾಧನವಲ್ಲ. ವಯಸ್ಸಾಗಿ ಕಿವಿ ಮಂದವಾದ ಬಹುತೇಕರಿಗೆ ಶ್ರವಣ ಸಾಧನವೇ ಮೊದಲ ಆಯ್ಕೆ, ಅದೇ ಸರಿ. ಇಂಪ್ಲಾಂಟ್ ಎಂದರೆ ಅರಿವಳಿಕೆ ಕೊಟ್ಟು ಮಾಡುವ ಶಸ್ತ್ರಚಿಕಿತ್ಸೆ. ಮುಖದ ನರ ಪಕ್ಕದಲ್ಲೇ ಹಾದುಹೋಗುತ್ತದೆ, ನಾಲಿಗೆಯ ರುಚಿಯ ನರವೂ ಅಲ್ಲೇ ಇದೆ. ಉಳಿದಿರುವ ಶ್ರವಣವೂ ಕುಂದುವ ಸಾಧ್ಯತೆ ಇದೆ. ಗಾಯ ಮಾಯುವ ತನಕ, ಅಂದರೆ ಹಲವು ವಾರಗಳ ಕಾಲ, ಪ್ರೊಸೆಸರ್ ಚಾಲೂ ಮಾಡುವಂತಿಲ್ಲ. ಒಳಗೆ ಅಯಸ್ಕಾಂತವಿರುವುದರಿಂದ ಎಂಆರ್‌ಐ ಮಾಡಿಸುವಾಗ ನಿರ್ಬಂಧಗಳಿವೆ. ಸೋಂಕು ಇನ್ನೂ ಆರದ ಕಿವಿಗೆ ಇದು ಸಲ್ಲದು. ಹೊರಗೆ ಏನೂ ಕಾಣದಂತೆ ಪೂರ್ತಿ ಒಳಗೇ ಅಡಗುವ ಮಾದರಿಯೊಂದಕ್ಕೂ 2010ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿದೆ. ಅದನ್ನು ಕೂರಿಸಲು ಅಡಿಗಲ್ಲಿನ ಭಾಗವನ್ನು ಕತ್ತರಿಸಬೇಕು, ಬ್ಯಾಟರಿ ಮುಗಿದಾಗ ಮತ್ತೆ ಚರ್ಮ ಬಿಡಿಸಬೇಕು. ಅಂಥದ್ದನ್ನು ಸಾರ್ವಜನಿಕ ಹಣದಲ್ಲಿ ಕೊಡಿ ಎಂದು ನಾನು ಕೇಳುತ್ತಿಲ್ಲ. ಕಾಣಬಾರದು ಎಂಬುದು ನನ್ನ ಬೇಡಿಕೆಯೇ ಅಲ್ಲ, ಕೇಳಿಸಬೇಕು ಅಷ್ಟೇ.

ನಾನು ಕೇಳುತ್ತಿರುವುದು ಸಣ್ಣ ತಿದ್ದುಪಡಿ. ವೈದ್ಯಕೀಯ ಕಾರಣದಿಂದ ಸಾಮಾನ್ಯ ಶ್ರವಣ ಸಾಧನ ಬಳಸಲಾಗದವರಿಗೆ ಮಧ್ಯಕಿವಿಯ ಇಂಪ್ಲಾಂಟ್ ಒಂದು ಆಯ್ಕೆ ಎಂದು ಪಟ್ಟಿಗೆ ಸೇರಿಸಿ. ಬಳಸಲಾಗದು ಎಂಬುದಕ್ಕೆ ದಾಖಲೆ ಕೇಳಿ: ಎಷ್ಟು ತಿಂಗಳು ಪ್ರಯತ್ನಿಸಿದರು, ಎಷ್ಟು ಬಾರಿ ಸೋಂಕಾಯಿತು, ಮೂಳೆಯ ಮೂಲಕ ಕೇಳಿಸುವ ಸಾಧನದಿಂದ ಏಕೆ ಸಾಲಲಿಲ್ಲ. ಆ ತೀರ್ಮಾನವನ್ನು ಕಿವಿಯ ಶಸ್ತ್ರಚಿಕಿತ್ಸಕರೂ ಶ್ರವಣ ತಜ್ಞರೂ ಒಟ್ಟಿಗೆ ಕುಳಿತು ತೆಗೆದುಕೊಳ್ಳಲಿ. ಕಡತ ಮಾತ್ರ ನೋಡುವವರಿಗೆ ಅದನ್ನು ಬಿಡಬೇಡಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಶಸ್ತ್ರಚಿಕಿತ್ಸೆಯ ಬಿಲ್ ತುಂಬಿ ಕೈತೊಳೆದುಕೊಳ್ಳುವ ನೆರವು ನಮಗೆ ಬೇಡ. ಒಳಗಿನ ಭಾಗ ಬಹುಕಾಲ ಬಾಳುತ್ತದೆ, ಹೊರಗಿನ ಪ್ರೊಸೆಸರ್ ಹಾಗಲ್ಲ. ಅದು ಬೀಳುತ್ತದೆ, ಒದ್ದೆಯಾಗುತ್ತದೆ, ಕೆಲವು ವರ್ಷಗಳಿಗೆ ಹಳತಾಗುತ್ತದೆ. ಅದಿಲ್ಲದಿದ್ದರೆ ತಲೆಬುರುಡೆಯೊಳಗಿನದು ಸುಮ್ಮನಿರುವ ಲೋಹದ ಚೂರು. ಜೆಫ್ರಿ ಬಾಲ್ ಅವರ ಸಾಧನವನ್ನು ಮೊದಲು ತಯಾರಿಸಿದ ಸಿಂಫೋನಿಕ್ಸ್ ಕಂಪನಿ 2002ರ ಕೊನೆಯಲ್ಲಿ ಮುಚ್ಚುವುದಾಗಿ ಘೋಷಿಸಿತು. 2003ರಲ್ಲಿ ಆಸ್ಟ್ರಿಯದ ಮೆಡ್‌ಎಲ್ ಕಂಪನಿ ಅದರ ತಂತ್ರಜ್ಞಾನವನ್ನು ಕೊಂಡಿತು. ಕೊಳ್ಳುವವರು ಸಿಗದಿದ್ದರೆ, ಆಗಲೇ ಅಳವಡಿಸಿಕೊಂಡಿದ್ದವರ ಪಾಡೇನು? ಆದ್ದರಿಂದ ಪ್ರೊಸೆಸರ್ ಬದಲಾವಣೆ, ಬ್ಯಾಟರಿ, ವರ್ಷ ವರ್ಷದ ಹೊಂದಾಣಿಕೆ ಇವೆಲ್ಲ ಯೋಜನೆಯೊಳಗೇ ಇರಲಿ. ಬಿಡಿಭಾಗಗಳನ್ನು ಎಷ್ಟು ವರ್ಷ ಒದಗಿಸುತ್ತೀರಿ ಎಂದು ಕಂಪನಿಯಿಂದ ಬರೆಸಿಕೊಂಡ ಮೇಲೆಯೇ ಖರೀದಿ ಆಗಲಿ. ಅಳವಡಿಸಿಕೊಂಡ ಪ್ರತಿಯೊಬ್ಬರ ಫಲಿತಾಂಶವನ್ನು ವರ್ಷಗಟ್ಟಲೆ ದಾಖಲಿಸಿ. ಚೆನ್ನಾಗಿ ಆಗದಿದ್ದರೆ ಅದೂ ದಾಖಲಾಗಲಿ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 43 ಕೋಟಿ ಜನರಿಗೆ ಶ್ರವಣ ಸಂಬಂಧಿ ಪುನರ್ವಸತಿ ಬೇಕು. ಅವರಲ್ಲಿ ನಮ್ಮಂಥವರು ಚಿಕ್ಕ ಪಾಲು. ಈ ತಿದ್ದುಪಡಿಗೆ ಬೇಕಾಗುವ ಹಣ ಕಡಿಮೆ ಎನ್ನುವುದಕ್ಕೆ ಅದೇ ಕಾರಣ, ಇಷ್ಟು ದಿನ ನಾವು ಯಾರ ಕಣ್ಣಿಗೂ ಬೀಳದಿರುವುದಕ್ಕೂ ಬಹುಶಃ ಅದೇ ಕಾರಣ.

ನನ್ನ ಶ್ರವಣ ಪರೀಕ್ಷೆಯ ವರದಿಗಳು, ಹನ್ನೊಂದು ವರ್ಷಗಳ ಔಷಧ ಚೀಟಿಗಳು, ತಿರಸ್ಕೃತವಾದ ಅರ್ಜಿಯ ಪ್ರತಿ ಎಲ್ಲವನ್ನೂ ಹಿಡಿದುಕೊಂಡು ತಾವು ಹೇಳಿದ ದಿನ ಬರುತ್ತೇನೆ. ಭೇಟಿಯ ಸಮಯವನ್ನು ದಯವಿಟ್ಟು ಫೋನಿನಲ್ಲಿ ತಿಳಿಸುವುದು ಬೇಡ, ಬರೆದು ಕಳುಹಿಸಿ.

ತಮ್ಮ ವಿಶ್ವಾಸಿ,
ಒಬ್ಬ ಶಾಲಾ ಶಿಕ್ಷಕಿ