‘ಉರಿ’ ಅಂದರೆ ಜ್ವರ ಅಂತ ಕಂಪ್ಯೂಟರ್‌ಗೆ ಹೇಳುವವರು ಬೇಕು

ಸಂಪಾದಕರಿಗೆ ನಮಸ್ಕಾರ.

ನಾನು ಕೊಪ್ಪಳ ಜಿಲ್ಲೆಯವಳು. ಬಿ.ಎಸ್ಸಿ. ಮುಗಿಸಿ ಬೆಂಗಳೂರಿನ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಆರು ತಿಂಗಳು ಇಂಟರ್ನ್‌ಶಿಪ್ ಮಾಡಿ ಈಗಷ್ಟೇ ಊರಿಗೆ ಬಂದಿದ್ದೇನೆ. ಆ ಕೆಲಸಕ್ಕೆ ಸೋಷಿಯಲ್ ಲಿಸನಿಂಗ್ ಅಂತಾರೆ. ಫೇಸ್‌ಬುಕ್ಕಲ್ಲಿ, ಯೂಟ್ಯೂಬ್ ಕಾಮೆಂಟಲ್ಲಿ, ಎಕ್ಸ್‌ನಲ್ಲಿ ಜನ ಎಲ್ಲರಿಗೂ ಕಾಣುವ ಹಾಗೆ ಬರೆದಿದ್ದನ್ನು ಒಟ್ಟುಮಾಡಬೇಕು. ಯಾವ ಕಡೆ ಯಾವ ತೊಂದರೆ ಬಗ್ಗೆ ಮಾತು ಜಾಸ್ತಿ ಆಗಿದೆ, ಯಾವ ಸುಳ್ಳು ಸುದ್ದಿ ಓಡಾಡುತ್ತಿದೆ ಅಂತ ಲೆಕ್ಕ ಹಾಕಿ ಆರೋಗ್ಯ, ನೀರು, ಪಡಿತರದ ಕೆಲಸ ಮಾಡುವವರಿಗೆ ತಿಳಿಸಬೇಕು. ಬರೆದವರ ಹೆಸರು, ಫೋನ್ ನಂಬರ್ ಅಳಿಸುವುದೇ ನಮ್ಮ ಮೊದಲ ಕೆಲಸ ಆಗಿತ್ತು. ಯಾರು ಅನ್ನುವುದು ನಮಗೆ ಬೇಡ, ಏನು ಅನ್ನುವುದು ಬೇಕು.

ಈ ಕೆಲಸ ಬೇಕೇ ಬೇಕು. 2017ರ ಫೆಬ್ರುವರಿಯಲ್ಲಿ ದಡಾರ–ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದಾಗ ನಾನು ಹೈಸ್ಕೂಲಲ್ಲಿದ್ದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ವದಂತಿ ಓದಿ ನಮ್ಮ ತರಗತಿಯ ಕೆಲವರನ್ನು ಅವತ್ತು ಮನೆಯವರು ಶಾಲೆಗೇ ಕಳಿಸಲಿಲ್ಲ. ಜನರ ಭಯ ಏನು ಅಂತ ಒಂದು ವಾರ ಮೊದಲೇ ಗೊತ್ತಾಗಿದ್ದರೆ ಮೇಷ್ಟ್ರು ಮನೆಮನೆಗೆ ಹೋಗಿ ಮಾತಾಡಬಹುದಿತ್ತು, ಅಲ್ವಾ?

ಆದರೆ ಕೇಳಿಸಿಕೊಳ್ಳುವುದಕ್ಕೆ ಮೊದಲು ಮಾತು ಗೊತ್ತಿರಬೇಕು. ನಾನಿದ್ದಾಗ ಡೆಂಗೀ ಬಗ್ಗೆ ಜನ ಏನು ಬರೆಯುತ್ತಾರೆ ಅಂತ ನೋಡುತ್ತಿದ್ದೆವು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರವೇ ಡೆಂಗೀಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತ್ತು, ಅಷ್ಟು ಗಂಭೀರ ವಿಷಯ. ಹುಡುಕುವ ಪದಗಳ ಪಟ್ಟಿಯಲ್ಲಿ ಜ್ವರ, ಸೊಳ್ಳೆ, ಪ್ಲೇಟ್‌ಲೆಟ್ ಎಲ್ಲ ಇದ್ದವು. ‘ಉರಿ’ ಇರಲಿಲ್ಲ. ನಮ್ಮ ಕಡೆ ಜ್ವರ ಬಂದರೆ ‘ಉರಿ ಬಂದಾವ್ರೀ’ ಅಂತಾರೆ. ಸೊಳ್ಳೆಗೆ ಗುಂಗಾಡ ಅನ್ನುವವರೂ ಇದ್ದಾರೆ. ಇದರ ಮೇಲೆ ಅರ್ಧಕ್ಕರ್ಧ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ, ಒಂದೇ ಜ್ವರಕ್ಕೆ ನಾಲ್ಕು ಥರ ಸ್ಪೆಲ್ಲಿಂಗು. ಹಾಗಾಗಿ ಜ್ವರದ ಮಾತು ಎಲ್ಲಿ ಜಾಸ್ತಿ ಅಂತ ತೋರಿಸುವ ನಮ್ಮ ನಕ್ಷೆಯಲ್ಲಿ ಬೆಂಗಳೂರು, ಮೈಸೂರು ಕೆಂಪಗೆ ಕಾಣುತ್ತಿದ್ದವು, ನಮ್ಮ ಜಿಲ್ಲೆ ಬೆಳ್ಳಗೆ ಖಾಲಿ. ಮೀಟಿಂಗಲ್ಲಿ ಒಬ್ಬರು ‘ಆ ಕಡೆ ಸಮಸ್ಯೆ ಇಲ್ಲ ಬಿಡಿ’ ಅಂದರು.

ನನಗೆ ತಡೆಯಲಾಗಲಿಲ್ಲ. ಅವತ್ತು ರಾತ್ರಿ ನಮ್ಮ ಓಣಿಯ ಆಶಾ ಅಕ್ಕನಿಗೆ ಫೋನ್ ಮಾಡಿದೆ. ‘ಮನಿಗೊಬ್ಬರು ಮಲಗ್ಯಾರವ್ವ, ಅದನ್ನ ಫೇಸ್‌ಬುಕ್ಕಿಗೆ ಹಾಕ್ಕೋಂತ ಯಾರು ಕುಂದರ್ತಾರ?’ ಅಂದರು.

ಮರುದಿನ ‘ಉರಿ’ ಪದ ಸೇರಿಸಿದೆವು. ಆಗ ‘ಹೊಟ್ಟೆ ಉರಿ’ ಅಂತ ಒಬ್ಬರಿಗೊಬ್ಬರು ಬೈದುಕೊಂಡ ಕಾಮೆಂಟುಗಳೆಲ್ಲ ಜ್ವರದ ಲೆಕ್ಕಕ್ಕೆ ಬಂದು ಸೇರಿದವು. ಆಮೇಲೆ ಒಂದೊಂದನ್ನೂ ಕೂತು ಓದಿ ವಿಂಗಡಿಸಬೇಕಾಯಿತು. ಆ ಕೆಲಸ ಆ ಕಡೆಯ ಮಾತು ಆಡಿ ಬೆಳೆದವರಿಂದ ಮಾತ್ರ ಆಗುತ್ತದೆ. ‘ಸೂಪರ್ ಸರ್, ಹದಿನೈದು ದಿನಕ್ಕೊಮ್ಮೆ ನೀರು ಬಿಡ್ತಿದ್ದೀರಿ’ ಅನ್ನುವುದನ್ನು ಸಾಫ್ಟ್‌ವೇರ್ ಹೊಗಳಿಕೆ ಅಂತ ಎಣಿಸಿತ್ತು. ಓದಿದ ನಮಗೆ ಅದು ಸಂಕಟ ಅಂತ ಕೂಡಲೇ ಗೊತ್ತಾಗುತ್ತದೆ.

ಉಗಾಂಡಾದ ಕಂಪಾಲಾದಲ್ಲಿ ವಿಶ್ವಸಂಸ್ಥೆಯ ಗ್ಲೋಬಲ್ ಪಲ್ಸ್ ತಂಡದವರು ಹಳ್ಳಿ ಜನರ ಮಾತು ಇಂಟರ್ನೆಟ್‌ನಲ್ಲಿ ಸಿಗದ ತೊಡಕನ್ನು ಬೇರೆ ಥರ ಬಿಡಿಸಿದರು. ಅಲ್ಲಿಯ ಹಳ್ಳಿ ಜನ ಇಂಟರ್ನೆಟ್‌ನಲ್ಲಿ ಬರೆಯುವುದಕ್ಕಿಂತ ಎಫ್‌ಎಂ ರೇಡಿಯೊಗೆ ಫೋನ್ ಮಾಡಿ ಮಾತಾಡುವುದು ಹೆಚ್ಚು. ಅದಕ್ಕೆ ಅವರು ರೇಡಿಯೊ ಮಾತನ್ನೇ ಅಕ್ಷರಕ್ಕಿಳಿಸುವ ವ್ಯವಸ್ಥೆ ಕಟ್ಟಿದರು. ಲುಗಾಂಡಾ, ಅಚೋಲಿ ಭಾಷೆಗಳಲ್ಲೇ. ಜನ ಎಲ್ಲಿ ಮಾತಾಡುತ್ತಾರೋ ಅಲ್ಲಿಗೆ ಕಿವಿ ತಗೊಂಡು ಹೋದರು. ನಮ್ಮಲ್ಲಿ ಆ ಮಾತು ಇರುವುದು ಆಶಾ ಕಾರ್ಯಕರ್ತೆಯರ ಹತ್ತಿರ, ಅಂಗನವಾಡಿ ಬಾಗಿಲಲ್ಲಿ, ಸಂತೆಯಲ್ಲಿ.

ಸಂಸ್ಥೆಗಳಿಗೂ ಇಲಾಖೆಗಳಿಗೂ ನಾನು ಕೇಳುವುದು ಇಷ್ಟು. ಇಂಟರ್ನ್‌ಗಳನ್ನು ಮೊದಲ ಹದಿನೈದು ದಿನ ಆಶಾ ಕಾರ್ಯಕರ್ತೆಯರ ಜೊತೆ ಓಡಾಡಿಸಿ, ಆಮೇಲೆ ಕಂಪ್ಯೂಟರ್ ಮುಂದೆ ಕೂರಿಸಿ. ನಕ್ಷೆಯಲ್ಲಿ ಖಾಲಿ ಕಂಡ ತಾಲ್ಲೂಕಿಗೆ ‘ಸಮಸ್ಯೆ ಇಲ್ಲ’ ಅಂತ ಬರೆಯಬೇಡಿ, ‘ನಮಗೆ ಕೇಳಿಸಿಲ್ಲ’ ಅಂತ ಬರೆಯಿರಿ. ಬೀದರ್, ರಾಯಚೂರು, ಚಾಮರಾಜನಗರದ ಡಿಗ್ರಿ ಕಾಲೇಜುಗಳಿಂದ ಹುಡುಗ ಹುಡುಗಿಯರನ್ನು ಕರೆಯಿರಿ, ಇಂಗ್ಲಿಷ್ ಸಂದರ್ಶನ ಒಂದನ್ನೇ ನೋಡಿ ವಾಪಸ್ ಕಳಿಸಬೇಡಿ. ಬದುಕುವಷ್ಟು ದುಡ್ಡು ಕೊಡಿ. ನನಗೆ ಕೊಡುತ್ತಿದ್ದ 8,000 ರೂಪಾಯಿಯಲ್ಲಿ ಪಿಜಿಗೇ 7,000 ಹೋಗುತ್ತಿತ್ತು, ಅಪ್ಪ ಪ್ರತಿ ತಿಂಗಳು ದುಡ್ಡು ಕಳಿಸದೇ ಇದ್ದರೆ ಎರಡನೇ ತಿಂಗಳಿಗೇ ನಾನು ವಾಪಸ್ ಬರುತ್ತಿದ್ದೆ.

ಇನ್ನೊಂದು ಮಾತು. ನಾವು ಆರು ತಿಂಗಳು ಕೂಡಿಸಿದ ಪದಗಳ ಪಟ್ಟಿ ಈಗ ಆ ಸಂಸ್ಥೆಯ ಕಂಪ್ಯೂಟರಿನಲ್ಲೇ ಇದೆ. ಇಂಥ ಪಟ್ಟಿಗಳಲ್ಲಿ ಯಾರ ಹೆಸರೂ ಇರುವುದಿಲ್ಲ, ಬರೀ ಮಾತುಗಳು. ಅವನ್ನು ಎಲ್ಲರಿಗೂ ಸಿಗುವ ಹಾಗೆ ಬಿಟ್ಟುಕೊಡಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಂಥ ಕಡೆ ಜಿಲ್ಲೆವಾರು ಬೆಳೆಸಲಿ. ನಮ್ಮ ಜಿಲ್ಲೆಯ ಪದಗಳನ್ನು ಸೇರಿಸಲು ನಾನು ಈಗಲೂ ತಯಾರಿದ್ದೇನೆ.

– ಒಬ್ಬ ಓದುಗಾರ್ತಿ, ಕೊಪ್ಪಳ ಜಿಲ್ಲೆ