ಕೆಲಸವಿಲ್ಲದ ತಿಂಗಳುಗಳಲ್ಲಿ ಕೈಹಿಡಿದವರಿಗೆ

ಪುಣೆ ಬಳಿಯ ಚಾಕಣದ ಕಾರ್ಖಾನೆಯೊಂದರಲ್ಲಿ ಈ ತಿಂಗಳು ಕೆಲಸಕ್ಕೆ ಸೇರಿದ್ದೇನೆ. ಭೋಸರಿಯ ಕೆಲಸ ಹೋದಂದಿನಿಂದ ಇಲ್ಲಿಯವರೆಗೆ ನಮ್ಮ ಮನೆಯ ಒಲೆ ಆರದಂತೆ ನೋಡಿಕೊಂಡವರಿಗೆ ಎಲ್ಲರೆದುರು ಕೈಮುಗಿಯಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ನಮ್ಮ ಚಾಳಿನ ಕಾಕಾ ಅವರಿಗೆ. ಇಂಡಿ ಕಡೆಯವರು, ಪುಣೆಯಲ್ಲೇ ದುಡಿದು ನಿವೃತ್ತರಾದವರು. ಆರ್ಡರ್ ಇಲ್ಲವೆಂದು ನಮ್ಮನ್ನೆಲ್ಲ ಒಟ್ಟಿಗೇ ಕೆಲಸದಿಂದ ಬಿಡಿಸಿದಾಗ ನಾನು ಯಾರಿಗೂ ಮುಖ ತೋರಿಸದೆ ಮನೆಯಲ್ಲಿ ಕೂತಿದ್ದೆ. ಅವರೇ ಬಂದು ಹಳೆಯ ಪಗಾರ ಚೀಟಿ ತರಿಸಿಕೊಂಡರು. ಇಎಸ್‌ಐ, ಅಂದರೆ ಕಾರ್ಮಿಕರ ವಿಮೆ, ಎಂದಿದ್ದ ಸಾಲಿನ ಮೇಲೆ ಬೆರಳಿಟ್ಟು, “ಇದನ್ನು ತಿಂಗಳು ತಿಂಗಳು ನಿನ್ನಿಂದ ಮುರಿದುಕೊಂಡಿದ್ದಾರಲ್ಲ ತಮ್ಮಾ, ಕೇಳುವುದಕ್ಕೆ ನಾಚಿಕೆ ಏಕೆ?” ಎಂದರು.

ನೂರು ರೂಪಾಯಿ ಪಗಾರಕ್ಕೆ 75 ಪೈಸೆ ನಮ್ಮದು, 3 ರೂಪಾಯಿ 25 ಪೈಸೆ ಮಾಲೀಕರದು. ಅದು ದವಾಖಾನೆಗಷ್ಟೇ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದರು. ಆದರೆ 2018ರ ಜುಲೈಯಲ್ಲಿ ಆರಂಭವಾದ ಇಎಸ್‌ಐನದೇ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ, ಕೆಲಸ ಹೋದ 30 ದಿನಗಳ ನಂತರ ಅರ್ಜಿ ಹಾಕಬಹುದು. ಸರಾಸರಿ ದಿನಗೂಲಿಯ ಅರ್ಧದಷ್ಟು ಹಣ, ಹೆಚ್ಚೆಂದರೆ 90 ದಿನಗಳವರೆಗೆ, ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಆಯುಷ್ಯದಲ್ಲಿ ಒಂದೇ ಸಲ. ದುರ್ನಡತೆಗಾಗಿ ವಜಾ ಆದವರಿಗೆ ಸಿಗುವುದಿಲ್ಲ. ಅರ್ಜಿಯನ್ನು ಹಳೆಯ ಮಾಲೀಕರ ಮೂಲಕವೇ ಕಳಿಸಬೇಕೆಂಬ ಕಟ್ಟುಪಾಡು ಈಗಿಲ್ಲ. ಬಾಗಿಲು ಹಾಕಿಕೊಂಡ ಕಚೇರಿಯ ಮುಂದೆ ಸಹಿಗಾಗಿ ನಿಂತವರಿಗೆ ಇದು ಎಷ್ಟು ದೊಡ್ಡ ಮಾತೆಂದು ಗೊತ್ತು.

ಇಎಸ್‌ಐ ಶಾಖೆಯ ಆ ಮೇಡಂ ಅವರನ್ನು ನಾನು ಮರೆಯಲಾರೆ. ಆಧಾರ್‌ನಲ್ಲಿ ನನ್ನ ಹೆಸರು, ಅಡ್ಡಹೆಸರು ಮಾತ್ರ ಇವೆ. ಕಾರ್ಖಾನೆಯವರು ಇಲ್ಲಿನ ರೂಢಿಯಂತೆ ನಡುವೆ ಅಪ್ಪನ ಹೆಸರನ್ನೂ ಸೇರಿಸಿದ್ದರು. ಹೀಗಿದ್ದರೆ ಅರ್ಜಿ ನಿಂತುಹೋಗುತ್ತದೆ ಎಂದು ಮೇಡಂ ತಾವಾಗಿಯೇ ಗುರುತಿಸಿದರು. ತಿದ್ದುಪಡಿಗೆ ಏನು ಬೇಕೆಂದು ಒಂದು ಹಾಳೆಯಲ್ಲಿ ಮರಾಠಿಯಲ್ಲಿ ಬರೆದು, ನನಗೆ ಅರ್ಥವಾಯಿತೇ ಎಂದು ಓದಿಸಿ ನೋಡಿದರು. ಹಿಂದೆ ಉದ್ದನೆಯ ಸಾಲಿತ್ತು. ಆದರೂ ಅವರ ದನಿ ಏರಲಿಲ್ಲ.

ಅವ್ವ ಊರಿನಿಂದ ಬಂದದ್ದು ಆ ದಿನಗಳಲ್ಲೇ. ಅವಳ ರೇಷನ್ ಕಾರ್ಡು ವಿಜಯಪುರ ಜಿಲ್ಲೆಯದು. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಿಂದಾಗಿ ಅವಳ ಪಾಲಿನ 5 ಕಿಲೋ ಧಾನ್ಯವನ್ನು ಪುಣೆಯಲ್ಲೇ, ಹಣ ಕೊಡದೆ ಪಡೆಯಬಹುದೆಂದು ಹೇಳಿದವರೂ ಕಾಕಾ ಅವರೇ. ಅನ್ನಭಾಗ್ಯದಲ್ಲಿ ಕರ್ನಾಟಕ ಸರ್ಕಾರ ಹೆಚ್ಚುವರಿಯಾಗಿ ಕೊಡುವುದು ಗಡಿ ದಾಟಿ ಬರುವುದಿಲ್ಲ, ಕೇಂದ್ರದ ಪಾಲು ಮಾತ್ರ. ಅಂಗಡಿಯಲ್ಲಿ ಯಂತ್ರ ಅವ್ವನ ಹೆಬ್ಬೆರಳನ್ನು ಒಪ್ಪಲಿಲ್ಲ. ಕಳೆ ಕಿತ್ತು, ರೊಟ್ಟಿ ಬಡಿದು ಗೆರೆಗಳೆಲ್ಲ ಸವೆದಿವೆ. ಅವಳು ಚೀಲ ಮಡಚಿ ಹಿಂದೆ ಸರಿದಳು. ಅಂಗಡಿಯವರು, “ಮಾವಶಿ, ಅವಸರ ಬೇಡ” ಎಂದು ಒದ್ದೆ ಬಟ್ಟೆಯಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಒರೆಸಿ, ಒಂದೊಂದನ್ನೂ ಇಡಿಸಿ ನೋಡಿದರು. ಕೊನೆಗೆ ಎಡಗೈಯ ಉಂಗುರ ಬೆರಳು ಒಪ್ಪಿತು. ಮಗನ ಮನೆಗೆ ತನ್ನ ಕಾಳು ತಂದೆನೆಂದು ಅವ್ವ ಆ ದಿನ ಚೀಲವನ್ನು ನನ್ನ ಕೈಗೆ ಕೊಡಲೇ ಇಲ್ಲ.

ಕೆಲಸ ಹುಡುಕುತ್ತ ಅಲೆದ ಮಧ್ಯಾಹ್ನಗಳಲ್ಲಿ 10 ರೂಪಾಯಿಗೆ ಚಪಾತಿ, ಪಲ್ಯ, ಅನ್ನ, ಬೇಳೆ ಬಡಿಸಿದ, ಮಹಾರಾಷ್ಟ್ರ ಸರ್ಕಾರದ ಅಗ್ಗದ ಊಟದ ಶಿವಭೋಜನ ಕೇಂದ್ರದ ತಾಯಂದಿರಿಗೆ, ಉದ್ರಿ ಪುಸ್ತಕವನ್ನು ಒಮ್ಮೆಯೂ ಮುಂದೆ ಚಾಚದ ಕಿರಾಣಿ ಅಂಗಡಿಯವರಿಗೆ, ಹೊಲಿಗೆ ಯಂತ್ರದ ಮುಂದೆ ರಾತ್ರಿಗಳನ್ನು ಕಳೆದ ನನ್ನ ಹೆಂಡತಿಗೆ ನಾನು ಋಣಿ.

ಭೋಸರಿ, ಚಾಕಣ, ಪಿಂಪ್ರಿಯಲ್ಲಿ ದುಡಿಯುತ್ತಿರುವ ನಮ್ಮವರು ಕೆಲಸ ಇರುವಾಗಲೇ ತಮ್ಮ ವಿಮಾ ಸಂಖ್ಯೆಯಲ್ಲಿರುವ ಹೆಸರು ಮತ್ತು ಬ್ಯಾಂಕ್ ಖಾತೆ ಆಧಾರ್‌ಗೆ ಹೊಂದುತ್ತವೆಯೇ ಎಂದು ನೋಡಿಕೊಳ್ಳಿ. ಅಟಲ್ ಯೋಜನೆಯ ಅವಧಿ ಆಗಾಗ ವಿಸ್ತರಣೆಯಾಗುತ್ತ ಬಂದಿರುವುದರಿಂದ, ಅರ್ಜಿ ಹಾಕುವ ಮೊದಲು ಇಎಸ್‌ಐ ಶಾಖೆಯಲ್ಲಿ ವಿಚಾರಿಸಿ. ಅರ್ಜಿ ತುಂಬುವುದು ಕಷ್ಟವೆನಿಸಿದರೆ ಭಾನುವಾರ ಬೆಳಿಗ್ಗೆ ಕಾಗದಪತ್ರ ಹಿಡಿದು ನಮ್ಮ ಚಾಳಿಗೆ ಬನ್ನಿ. ಕಾಕಾ ಅವರೂ ಇರುತ್ತಾರೆ, ನಾನೂ ಇರುತ್ತೇನೆ.