ಮೊದಲು ಅಳತೆ, ಆಮೇಲೆ ಲೆನ್ಸ್

ಮಾನ್ಯ ಸಂಪಾದಕರೇ,

ಎರಡು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಹೊಸದಾಗಿ ಕ್ಯಾಮೆರಾ ಹಿಡಿಯುವವರಿಗೆ ಒಂದಿಷ್ಟು ಸಲಹೆ ಬಂದಿತ್ತು. ಒಂದೇ ಲೆನ್ಸ್ ಕೊಳ್ಳುವುದಾದರೆ ಜೂಮ್ ಎಷ್ಟು ಜಾಸ್ತಿ ಇದ್ದರೆ ಅಷ್ಟು ಒಳ್ಳೆಯದು ಅಂತ ಅದರಲ್ಲಿ ಬರೆದಿದ್ದರು. ಇದೇ ಮಾತು ನಂಬಿ ದುಡ್ಡು ಕಳೆದುಕೊಂಡವಳು ನಾನು. ಅದಕ್ಕೇ ಈ ಪತ್ರ.

ಬೇಲೂರಿನಲ್ಲಿ ನನ್ನದೊಂದು ಸಣ್ಣ ಟೈಲರ್ ಅಂಗಡಿ. ಮಗ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಅವನ ನಿಕಾನ್ ಡಿ5300 ಮನೆಯಲ್ಲೇ ಉಳಿಯಿತು. ಸುಮ್ನೆ ಬೀರುವಿನಲ್ಲಿ ಯಾಕಿರಬೇಕು ಅಂತ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ದೇವಸ್ಥಾನಕ್ಕೆ ತೆಗೆದುಕೊಂಡು ಹೋಗಲು ಶುರು ಮಾಡಿದೆ. ಕ್ಯಾಮೆರಾ ಜೊತೆ ಬಂದಿದ್ದ 18-55 ಎಂಎಂ ಲೆನ್ಸ್ ಇತ್ತು. ಈ ಅಂಕಿ ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಗೋಡೆಯ ಆನೆ, ಕುದುರೆ ಸಾಲು ಚೆನ್ನಾಗಿಯೇ ಬರುತ್ತಿದ್ದವು. ಆದರೆ ಸೂರಿನ ಕೆಳಗಿರುವ ಮದನಿಕೆಯರು ಕೈಗೆ ಸಿಗುತ್ತಿರಲಿಲ್ಲ. ದರ್ಪಣ ಸುಂದರಿಯ ಕನ್ನಡಿ ಒಂದು ಬಟನ್‌ನಷ್ಟು ಕಾಣುತ್ತಿತ್ತು.

ಹಾಸನದ ಒಂದು ಅಂಗಡಿಗೆ ಹೋದೆ. ಅಲ್ಲಿನ ಹುಡುಗ, "ನಿಮ್ಮದು ಬರೀ ಮೂರು ಎಕ್ಸ್ ಆಂಟಿ, ಇದು ನೋಡಿ, ಏಳು ಎಕ್ಸ್. ಎಲ್ಲಾ ಇದರಲ್ಲೇ ಬರುತ್ತೆ" ಅಂದ. ಸೆಕೆಂಡ್ ಹ್ಯಾಂಡ್ 28-200. ನನ್ನ 18-55 ಕೊಟ್ಟು, ಮೇಲೆ ದುಡ್ಡೂ ಕೊಟ್ಟು ಬಂದೆ. ಮನೆಗೆ ಬಂದು ಹಾಕಿದರೆ ಫೋಕಸ್ ತಾನಾಗಿ ಆಗುವುದೇ ಇಲ್ಲ! ಮಗನಿಗೆ ಫೋನ್ ಮಾಡಿದೆ. "ಅಮ್ಮ, ನಿಕಾನ್‌ನ ಈ 5000 ಸಾಲಿನ ಕ್ಯಾಮೆರಾ ಒಳಗೆ ಫೋಕಸ್ ಮೋಟಾರ್ ಇರಲ್ಲ, 3000 ಸಾಲಿನದರಲ್ಲೂ ಇರಲ್ಲ. ಮೋಟಾರ್ ಲೆನ್ಸ್‌ನಲ್ಲೇ ಇರಬೇಕು. ನೀನು ತಂದ ಲೆನ್ಸ್ ಫಿಲ್ಮ್ ಕಾಲದ್ದು, ಅದರಲ್ಲಿ ಮೋಟಾರ್ ಇಲ್ಲ" ಅಂದ. ಕೈಯಲ್ಲೇ ಉಂಗುರ ತಿರುಗಿಸಿ ಫೋಕಸ್ ಮಾಡಬಹುದು, ನಿಜ. ಆದರೆ ಸೂಜಿಗೆ ದಾರ ಪೋಣಿಸುವುದಕ್ಕೇ ಕನ್ನಡಕ ಬೇಕು ನನಗೆ.

ಇನ್ನೊಂದು ತೊಂದರೆ ಮಾರನೇ ದಿನ ದೇವಸ್ಥಾನದ ಅಂಗಳದಲ್ಲಿ ಗೊತ್ತಾಯಿತು. ಇಡೀ ಗುಡಿ, ಅದು ನಿಂತಿರುವ ಜಗತಿಯ ಸಮೇತ ಒಂದೇ ಚಿತ್ರದಲ್ಲಿ ಬರಲಿ ಅಂತ ಹಿಂದೆ ಹಿಂದೆ ಹೋದೆ. ಬೆನ್ನಿಗೆ ಗೋಡೆ ತಗುಲಿತು. ಆದರೂ ಎರಡೂ ಪಕ್ಕ ಕತ್ತರಿಸಿದಂತೆ! ನಮ್ಮಂಥವರ ಕ್ಯಾಮೆರಾದಲ್ಲಿ ಫಿಲ್ಮ್ ಬದಲು ಚಿತ್ರ ಹಿಡಿಯುವ ಸೆನ್ಸರ್ ಹಳೇ ಫಿಲ್ಮ್‌ಗಿಂತ ಚಿಕ್ಕದು. ಹಾಗಾಗಿ ಲೆನ್ಸ್ ಮೇಲಿರುವ ಅಂಕಿಯನ್ನು ನಿಕಾನ್‌ನಲ್ಲಿ 1.5ರಿಂದ, ಕ್ಯಾನನ್‌ನಲ್ಲಿ 1.6ರಿಂದ ಗುಣಿಸಿ ನೋಡಬೇಕು. ನನ್ನ 28 ಅಂದರೆ 42 ಆಯಿತು. ಕೊಟ್ಟು ಬಂದ 18 ಅಂದರೆ 27. ಅಗಲ ಇದ್ದದ್ದು ಅದರಲ್ಲೇ.

ಆ ಎಕ್ಸ್ ಅನ್ನುವುದು ದೊಡ್ಡ ಅಂಕಿಯನ್ನು ಚಿಕ್ಕ ಅಂಕಿಯಿಂದ ಭಾಗಿಸಿದ ಲೆಕ್ಕ, ಅಷ್ಟೇ. 70-300 ಲೆನ್ಸ್ ನಾಲ್ಕು ಎಕ್ಸ್ ಚಿಲ್ಲರೆ. ಏಳು ಎಕ್ಸ್‌ನ ನನ್ನ 28-200ಗಿಂತ ದೂರದ್ದನ್ನು ಅದೇ ಚೆನ್ನಾಗಿ ಎಳೆದು ತೋರಿಸುತ್ತದೆ. ಎಕ್ಸ್ ಕೇಳಿ ಲೆನ್ಸ್ ಕೊಳ್ಳುವುದು ಒಂದೇ, ಎಷ್ಟು ಮೀಟರ್ ಬಟ್ಟೆ ಅಂತ ಕೇಳದೆ ಎಷ್ಟು ಮಡಿಕೆ ಇದೆ ಅಂತ ಕೇಳುವುದು ಒಂದೇ.

ಆಮೇಲೆ ನನ್ನ ಕಸುಬಿನವರು ಮಾಡುವುದನ್ನೇ ಮಾಡಿದೆ, ಅಳತೆ ತೆಗೆದೆ. ಹಳೆಯ 18-55ರಲ್ಲಿ ತೆಗೆದ ಚಿತ್ರಗಳು ಕಂಪ್ಯೂಟರ್‌ನಲ್ಲಿ ಇದ್ದವು. ಪ್ರತಿ ಚಿತ್ರವನ್ನೂ ಎಷ್ಟು ಎಂಎಂನಲ್ಲಿ ತೆಗೆದದ್ದು ಅಂತ ಅದರ ಮಾಹಿತಿಯಲ್ಲೇ ಇರುತ್ತದೆ. ಮಗ ರಜೆಗೆ ಬಂದಾಗ ತೋರಿಸಿಕೊಟ್ಟ. ರವಿಕೆ ಅಳತೆ ಬರೆಯುವ ನೋಟ್‌ಬುಕ್‌ನಲ್ಲೇ ಗೀಟು ಎಳೆಯುತ್ತಾ ಹೋದೆ. ಅರ್ಧಕ್ಕಿಂತ ಜಾಸ್ತಿ ಚಿತ್ರ ಒಂದೋ 18ರಲ್ಲಿ, ಇಲ್ಲಾ 55ರಲ್ಲಿ. ನಡುವೆ ಕಮ್ಮಿ. ಅಂದರೆ ಅಗಲವೂ ಬೇಕು, ಉದ್ದ ಇನ್ನಷ್ಟು ಬೇಕು. ಈ ಲೆಕ್ಕ ಮೊದಲೇ ಹಾಕಿದ್ದರೆ ಹಾಸನದ ಬಸ್ ಚಾರ್ಜ್ ಕೂಡ ಉಳಿಯುತ್ತಿತ್ತು.

ಈಗ ನನ್ನ ಹತ್ತಿರ ಇರುವುದು 18-140. ಕ್ಯಾನನ್‌ನವರಿಗೆ 18-135 ಇದೆ, ಹೆಚ್ಚು ಕಮ್ಮಿ ಅದೇ. ತೂಕ ಅರ್ಧ ಕೆ.ಜಿ. ಹತ್ತಿರ. 18-55, 55-200 ಅಂತ ಎರಡು ಲೆನ್ಸ್ ಇಟ್ಟುಕೊಳ್ಳಿ, ಅಗ್ಗ ಅನ್ನುವವರಿದ್ದಾರೆ. ತಪ್ಪೇನಲ್ಲ. ಆದರೆ ಚೈತ್ರದಲ್ಲಿ ನಮ್ಮ ಚೆನ್ನಕೇಶವನ ತೇರಿನ ದಿನ ಬಂದು ನೋಡಿ. ಗಾಲಿಯ ಪಕ್ಕ ನಿಂತಾಗ ಮುಂದೆ ಬರೀ ಜನ, ಕತ್ತೆತ್ತಿದರೆ ಮೇಲೆ ಕಳಸ. ಆ ಧೂಳಿನಲ್ಲಿ, ನೂಕುನುಗ್ಗಲಿನಲ್ಲಿ ಲೆನ್ಸ್ ಬಿಚ್ಚಿ ಹಾಕುವಷ್ಟರಲ್ಲಿ ತೇರು ಮುಂದೆ ಹೋಗಿರುತ್ತದೆ. ಬಿಚ್ಚಿದ ಕ್ಯಾಮೆರಾ ಬಾಯಿಗೆ ಧೂಳು ಬೇರೆ. ಒಂದೇ ಲೆನ್ಸ್ ಬೇಕು ಅನ್ನಿಸುವುದು ಅಲ್ಲೇ.

ಹಾಗಂತ ಇದರಲ್ಲಿ ಎಲ್ಲಾ ಬರುತ್ತೆ ಅಂತ ನಾನು ಹೇಳುವುದಿಲ್ಲ. 18ರಲ್ಲಿ ಇಟ್ಟರೆ ಗೋಡೆಯ ನೇರ ಅಂಚು ಸ್ವಲ್ಪ ಹೊಟ್ಟೆ ಬಿಟ್ಟ ಹಾಗೆ ಬರುತ್ತದೆ. ತೋಟದ ಹಕ್ಕಿಗಳಿಗೆ 140 ಏನೂ ಸಾಲದು. ಮುಳ್ಳಯ್ಯನಗಿರಿ ಮೇಲೆ ನಿಂತು ದೂರದ ಗುಡ್ಡ ಎಳೆಯುತ್ತೇನೆ ಅಂದರೆ 300 ಇದ್ದರೂ ಅಷ್ಟೇ, ಬೆಟ್ಟಕ್ಕಿಂತ ಮಂಜೇ ಜಾಸ್ತಿ ಬರುತ್ತದೆ. ದೊಡ್ಡ ಸೋಲು ಕತ್ತಲೆಯಲ್ಲಿ. ನಮ್ಮ ಗುಡಿಯ 42 ಮದನಿಕೆಯರಲ್ಲಿ 38 ಹೊರಗೆ, ನಾಲ್ಕು ಮಾತ್ರ ಒಳಗೆ ನವರಂಗದಲ್ಲಿ. ಹೊರಗಿನವರು ನನಗೆ ಸಿಕ್ಕರು, ಒಳಗಿನವರು ಇವತ್ತಿಗೂ ಸರಿಯಾಗಿ ಸಿಕ್ಕಿಲ್ಲ. ಉದ್ದಕ್ಕೆ ಎಳೆದಾಗ ಈ ಲೆನ್ಸ್‌ನ ಬಾಯಿ 5.6ಕ್ಕಿಂತ ಅಗಲ ತೆರೆಯುವುದಿಲ್ಲ (ಈ ಅಂಕಿ ಚಿಕ್ಕದಾದಷ್ಟೂ ಬಾಯಿ ಅಗಲ, ಬೆಳಕು ಜಾಸ್ತಿ). ಅನುಮತಿ ಇಲ್ಲದೆ ಟ್ರೈಪಾಡ್ ಇಡುವ ಹಾಗಿಲ್ಲ. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಚುರುಕು, ಏರಿಸಿದರೆ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ. ಲೆನ್ಸ್‌ನಲ್ಲಿರುವ ವಿಆರ್ ನಮ್ಮ ಕೈನಡುಕ ತಡೆಯುತ್ತದೆ ನಿಜ, ಆದರೆ ಎದುರಿಗೆ ಮಕ್ಕಳು ಓಡುತ್ತಿದ್ದರೆ ಅದು ಏನೂ ಮಾಡಲಾರದು. ಇದಕ್ಕೆ 1.8 ತೆರೆಯುವ, ಜೂಮ್ ಇಲ್ಲದ ಒಂದು ಚಿಕ್ಕ ಲೆನ್ಸ್ ಬೇಕು. 5.6ಕ್ಕಿಂತ ಅದರಲ್ಲಿ ಒಂಬತ್ತು ಪಟ್ಟಿಗೂ ಜಾಸ್ತಿ ಬೆಳಕು ಬರುತ್ತದೆ. ದೀಪಾವಳಿಗೆ ಹೊಲಿಗೆ ಚೆನ್ನಾಗಿ ಬಂದರೆ 35 ಎಂಎಂ ಒಂದು ತೆಗೆದುಕೊಳ್ಳಬೇಕು. ಈ ಸಲ ಮೋಟಾರ್ ಇದೆಯಾ ಅಂತ ಕೇಳಿಯೇ.

ನಿಮ್ಮ ಪುರವಣಿಯಲ್ಲಿ ಮಳೆಯ ಮಾತೇ ಇರಲಿಲ್ಲ. ಮಲೆನಾಡಿನ ಕಡೆಯವರಿಗೆ ಅದೇ ಮುಖ್ಯ ಅಲ್ವಾ? ಈ ಜೂಮ್‌ಗಳು ಮೂಗು ಉದ್ದ ಮಾಡಿದಾಗೆಲ್ಲ ಗಾಳಿ ಒಳಗೆ ಎಳೆದುಕೊಳ್ಳುತ್ತವೆ, ಜೊತೆಗೆ ತೇವವನ್ನೂ. ಆಷಾಢದಲ್ಲಿ ಚರ್ಮದ ಚೀಲದಲ್ಲಿ ಹಾಕಿ ಬೀರುವಿನಲ್ಲಿಟ್ಟರೆ ಗಾಜಿಗೆ ಬೂಷ್ಟು ಹಿಡಿಯುತ್ತದೆ. ನಾನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದಿದೆ ಅಂತ ಅರ್ಥ. ಒಂದು ಹಳೇ ಬಾಣಲೆಯನ್ನು ಅದಕ್ಕೇ ಅಂತ ಬೇರೆ ಇಟ್ಟು, ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ.

ಕೊನೆಗೆ ಒಂದು ಬೇಡಿಕೆ. ಪ್ರತಿ ವಾರ ಓದುಗರು ಕಳಿಸಿದ ಚಿತ್ರ ಹಾಕುತ್ತೀರಿ. ಕೆಳಗೆ ಹೆಸರು, ಊರು ಮಾತ್ರ ಇರುತ್ತದೆ. ಅದರ ಪಕ್ಕ ಎಷ್ಟು ಎಂಎಂನಲ್ಲಿ ತೆಗೆದದ್ದು ಅಂತಲೂ ಹಾಕಿ. ಚಿತ್ರ ಕಳಿಸುವಾಗ ಬರೆದು ಕಳಿಸಿ ಅಂದರೆ ಎಲ್ಲರೂ ಕಳಿಸುತ್ತಾರೆ. ನಿಮಗೆ ಅರ್ಧ ಸಾಲು ಜಾಗ ಸಾಕು. ಮೊದಲ ಚಿತ್ರ ಬೇಕಾದರೆ ನಾನೇ ಕಳಿಸುತ್ತೇನೆ. ದರ್ಪಣ ಸುಂದರಿ, 140 ಎಂಎಂ, ಬೆಳಿಗ್ಗೆ ಎಂಟು ಗಂಟೆ ಬಿಸಿಲು.

ಇಂತಿ,
ಟೈಲರ್ ಅಂಗಡಿಯವಳು, ಬೇಲೂರು